ಸಂಚಿನ ಪದಗಳ ಚಳಿಗಾಲ

ಆಗ ನಾವು ಕಾಶಿಯ ಜಂಗಮವಾಡಿಯ ಓಣಿಯಲ್ಲಿದ್ದೆವು. ಮಂಜು ಬಿದ್ದ ಬೆಳಗುಗಳಲ್ಲಿ ಮಾತ್ರ ಸಿಗುವ ಮಲಯ್ಯೋ, ಅಂದರೆ ಕೇಸರಿ ಬೆರೆಸಿದ ಹಾಲಿನ ನೊರೆ, ಮಣ್ಣಿನ ಕುಡಿಕೆಯಲ್ಲಿ ಬರುತ್ತಿದ್ದ ದಿನಗಳು. ನಾನು ಐದನೆಯ ತರಗತಿ. ಎಷ್ಟು ಕುಡಿಕೆ ತಿಂದೆ, ಎಷ್ಟು ಗಾಳಿಪಟ ಹರಿದವು, ಎಲ್ಲವನ್ನೂ ತಾರೀಖು ಹಾಕಿ ಬರೆದಿಡುವ ಚಟ ನನಗೆ.

ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಅಪ್ಪ ನನ್ನನ್ನು ಶಾಲೆಯ ಪದಸ್ಪರ್ಧೆಗೆ ತಯಾರು ಮಾಡುತ್ತಿದ್ದರು. ಆ ವಾರ ಲ್ಯಾಟಿನ್‌ನಿಂದ ಬಂದ ಸಂಚಿನ ಪದಗಳ ಸರದಿ. ‘ಕನ್‌ಸ್ಪೈರ್’ ಎಂದರೆ ಮೂಲದಲ್ಲಿ ಜೊತೆಗೂಡಿ ಉಸಿರಾಡುವುದು. ‘ಕಲ್ಯೂಡ್’ ಎಂದರೆ ಜೊತೆಗೂಡಿ ಆಡುವುದು.

“ಇವು ಛಲೋ ಕೆಲಸಾನ ಅಲ್ಲೇನಪ್ಪಾ? ಸಂಚು ಹೆಂಗಾತು?”

“ಯಾರನ್ನ ಬಿಟ್ಟು ಆಡ್ತಾರ, ಅದರ ಮ್ಯಾಲೆ ಐತಿ,” ಎಂದು ಅಪ್ಪ ನಕ್ಕರು.

ಬಿಟ್ಟದ್ದು ಅಜ್ಜಿಯನ್ನು ಎಂದು ಎರಡೇ ದಿನಕ್ಕೆ ಗೊತ್ತಾಯಿತು. ಗದಗಿನಿಂದ ಬಂದಿದ್ದ ಅಜ್ಜಿ, ಊರಿನ ಗಡಿಯಾದ ವರುಣಾ ಹೊಳೆ ದಾಟುವುದಿಲ್ಲ, ಕಾಶಿಯಲ್ಲೇ ಸಾಯುತ್ತೇನೆ ಎಂದು ಸಂಕಲ್ಪ ಮಾಡಿದ್ದಳು. ಇಲ್ಲಿ ಸತ್ತರೆ ಮುಕ್ತಿ. ಹೊರಗೆ ಸತ್ತರೆ ಇಷ್ಟು ವರ್ಷದ ವಾಸವೆಲ್ಲ ನೀರುಪಾಲು. ಅವಳ ಹೃದಯದ ಆಪರೇಷನ್ ಲಕ್ನೋದಲ್ಲೇ ಆಗಬೇಕು, ತಡಮಾಡಿದರೆ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಊರೊಳಗಿನ ದವಾಖಾನೆಗೆಂದು ಸುಳ್ಳು ಹೇಳಿ ಕಾರು ಹತ್ತಿಸುವುದೆಂದು ಅಪ್ಪ, ಅವ್ವ, ಕನ್ನಡವೊಂದೇ ಬರುತ್ತಿದ್ದ ಅಜ್ಜಿಯ ಎದುರಿಗೇ ರೊಟ್ಟಿ ಮುರಿಯುತ್ತ ಇಂಗ್ಲಿಷಿನಲ್ಲಿ ಮಾತಾಡಿಕೊಂಡರು. ನನಗೆ ಎಲ್ಲವೂ ಅರ್ಥವಾಯಿತು. ಹೇಳಿದರೆ ಅಜ್ಜಿ ಹೋಗುವುದಿಲ್ಲ, ಸಾಯುತ್ತಾಳೆ. ಹೇಳದಿದ್ದರೆ, ಅಲ್ಲೇ ಸತ್ತರೆ?

ಹೊರಟ ದಿನ ಮಂಜಿನಲ್ಲಿ ಎದುರಿನ ರಿಕ್ಷಾವೂ ಕಾಣುತ್ತಿರಲಿಲ್ಲ. ಅಪ್ಪ, ಅವ್ವ ಮುಂದೆ ಕೂತಿದ್ದರು. ಹಿಂದೆ ನಾನು, ಅಜ್ಜಿ. ನಾನು ಮತ್ತೆ ಮತ್ತೆ ಕಿಟಕಿಯ ಗಾಜು ಒರೆಸಿ ಹೊರಗೆ ನೋಡುತ್ತಿದ್ದುದನ್ನು ಕಂಡು ಅಜ್ಜಿ ನನ್ನ ಕಿವಿಗೆ ಬಾಯಿ ತಂದಳು.

“ಯಾಕ ತಂಗಿ, ಹೊಳಿ ಬಂತೇನು?”

ನಾನು ಗಕ್ಕನೆ ಅವಳತ್ತ ತಿರುಗಿದೆ. “ನಿನಗ ಗೊತ್ತೈತಿ?”

“ಇಂಗ್ಲೀಷಿನ್ಯಾಗೂ ಲಕ್ನೋಕ್ಕ ಲಕ್ನೋನ ಅಂತಾರಲ್ಲ! ಹಾಸಿಗಿ ಕಟಗೊಂಡು ಊರಾಗಿನ ದವಾಖಾನಿಗೆ ಯಾರರ ಹೊಕ್ಕಾರೇನು?”

“ಮತ್ತ ನಿನ್ನ ಸಂಕಲ್ಪ?”

“ನಾ ಮಲಗೇನಿ. ದಾಟಿದವರು ಅವರು, ನಾನಲ್ಲ. ಮಗಾ ಅಷ್ಟು ಕಷ್ಟಪಟ್ಟು ಸುಳ್ಳು ಹೇಳ್ಯಾನ, ಪಾಪ. ಅವಗ ಏನೂ ಹೇಳಬ್ಯಾಡ.”

ಸೆರಗು ಮುಖದ ಮೇಲೆಳೆದುಕೊಂಡು ಕಣ್ಣು ಮುಚ್ಚಿದಳು. ಸೇತುವೆ ಸರಿದು ಹೋಯಿತು. ಸೆರಗು ಅಲುಗಲೇ ಇಲ್ಲ. ಹೊಳೆಯ ಆಚೆ ಸತ್ತೇಹೋದಳೆಂದು ನಾನು ಹೆದರಿ ಚಿವುಟಿದೆ. “ಹಾಳಾದವಳ, ಮಲಗಿದಾಕೀನ ಎಬ್ಬಸ್ತಾರೇನು?” ಎಂದು ಸೆರಗಿನೊಳಗಿಂದಲೇ ಬೈದಳು.

ಆಪರೇಷನ್ ಕೋಣೆಯ ಕೆಂಪು ದೀಪದ ಕೆಳಗೆ, ನನ್ನ ಭಯ ಮರೆಸಲೆಂದು ಅಪ್ಪ ಇನ್ನೊಂದು ಪದ ಕೊಟ್ಟರು. “‘ಕನೈವ್’. ಗೊತ್ತಿದ್ದೂ ಕಣ್ಣು ಮುಚ್ಚಿಕೊಳ್ಳೋದು.” ಅವರ ದನಿ ಒಡೆದಿತ್ತು. “ನಮ್ಮವ್ವಗ ಮೋಸ ಮಾಡಿದ್ನೇನು ತಂಗಿ ನಾನು?” ಹೇಳಬ್ಯಾಡ ಎಂದಿದ್ದಳು ಅಜ್ಜಿ. ಅವರ ತೋಳನ್ನಷ್ಟೇ ಗಟ್ಟಿಯಾಗಿ ಹಿಡಿದುಕೊಂಡೆ.

ಅಜ್ಜಿ ಬದುಕಿದಳು. ಬರುವಾಗಲೂ ಸೇತುವೆಯ ಮೇಲೆ ಮಲಗಿಯೇ ಇದ್ದಳು. ಕೆಲವು ವರ್ಷಗಳ ನಂತರ, ಅವಳಿಷ್ಟದಂತೆ, ಅದೇ ಓಣಿಯಲ್ಲಿ ತೀರಿಕೊಂಡಳು.

ಈಗ ನಮ್ಮ ಮನೆಯಲ್ಲಿ ಹಿಂದಿಯೂ ಇಂಗ್ಲಿಷೂ ದಿನವಿಡೀ ಜೋರಾಗಿಯೇ ನಡೆಯುತ್ತವೆ. ಯಾರಿಂದಲೂ ಏನನ್ನೂ ಮುಚ್ಚಿಡಬೇಕಾಗಿಲ್ಲ. ಕನ್ನಡದಲ್ಲೇ ಹೇಳಬೇಕಾದವರೂ ಯಾರೂ ಇಲ್ಲ.