ಎಡಬಲ ತಿಳಿಯದ ಸ್ಟಾಪರ್

ನಮ್ಮ ಕಾಲೇಜಿನ ಹುಡುಗಿಯರ ಫುಟ್‌ಬಾಲ್ ಟೀಮಿನಲ್ಲಿ ಕಾಗದದ ಮೇಲೆ ಹದಿನಾಲ್ಕು ಹೆಸರುಗಳಿದ್ದವು. ಮೈದಾನಕ್ಕೆ ಬರುತ್ತಿದ್ದವರು ಹನ್ನೊಂದು ಜನ. ಉಳಿದ ಮೂವರಲ್ಲಿ ಒಬ್ಬಳಿಗೆ ಬಿಸಿಲು ಆಗುತ್ತಿರಲಿಲ್ಲ, ಇನ್ನೊಬ್ಬಳಿಗೆ ಬೆಳಿಗ್ಗೆ ಏಳುವುದು ಆಗುತ್ತಿರಲಿಲ್ಲ, ಮೂರನೆಯವಳು ಜರ್ಸಿ ತೆಗೆದುಕೊಂಡು ಹೋದವಳು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಹೀಗಾಗಿ ನಮ್ಮಲ್ಲಿ ಯಾರಿಗೂ ನೆಗಡಿ ಬರಿಸಿಕೊಳ್ಳುವಷ್ಟು ಸ್ವಾತಂತ್ರ್ಯವೂ ಇರಲಿಲ್ಲ.

ಅದು ನಮ್ಮ ಮೊದಲ ಸೀಸನ್. ನಿವೃತ್ತಿಗೆ ಹತ್ತಿರವಾಗಿದ್ದ ಪಿ.ಟಿ. ಸರ್ ಮ್ಯಾನೇಜ್‌ಮೆಂಟಿನವರ ಬೆನ್ನು ಬಿದ್ದು ಟೀಮು ಕಟ್ಟಿದ್ದರು. ಮೊದಲ ದಿನವೇ ನಮ್ಮನ್ನು ನೆರಳಿನಲ್ಲಿ ಕೂರಿಸಿ ಹೇಳಿದರು: “ಐದು ಮ್ಯಾಚ್ ಉಂಟು. ನೀವು ಸೋತ್ರೆ ನಂಗೆ ಎಂತ ಬೇಜಾರಿಲ್ಲ. ಆದ್ರೆ ಐದಕ್ಕೂ ಹನ್ನೊಂದು ಜನ ನಿಲ್ಲಬೇಕು. ಒಂದು ಸಲ ಹತ್ತು ಆಯ್ತಾ, ಮುಂದಿನ ವರ್ಷ ಟೀಮೇ ಇಲ್ಲ. ಅವರು ಹೇಳಿ ಆಗಿದೆ.”

ನಾನು ಗೋಲಿ. ಉದ್ದ ಇದ್ದೇನೆ, ಗಂಟಲು ದೊಡ್ಡದಿದೆ ಎಂಬ ಎರಡೇ ಅರ್ಹತೆಗಳ ಮೇಲೆ ನನ್ನನ್ನು ಥ್ರೋಬಾಲ್ ಅಂಕಣದಿಂದ ಎತ್ತಿ ತಂದು ಗೋಲು ಕಂಬಗಳ ನಡುವೆ ನಿಲ್ಲಿಸಿದ್ದರು. ನನಗೆ ಆಗಲೂ ಈಗಲೂ ಮೂಗಿನ ತುದಿಯಲ್ಲೇ ಸಿಟ್ಟು. ಗೋಲು ಕಾಯುವವಳಿಗೆ ಇದು ಒಳ್ಳೆಯ ಗುಣ ಎಂದು ಯಾರೋ ಹೇಳಿದ್ದರು, ನಾನು ನಂಬಿದ್ದೆ.

ನನ್ನ ಮುಂದೆ ನಿಲ್ಲುತ್ತಿದ್ದವಳು ಸ್ಟಾಪರ್. ಗೋಲಿಗೂ ಎದುರಾಳಿಗೂ ನಡುವಿನ ಕೊನೆಯ ಗೋಡೆ. ಗದಗದ ಕಡೆಯವಳು, ಹಾಸ್ಟೆಲಿನಲ್ಲಿದ್ದಳು, ಮಂಗಳೂರಿಗೆ ಬಂದು ಎರಡು ತಿಂಗಳಾಗಿತ್ತಷ್ಟೆ. ಅವಳ ಅಪ್ಪ ಸರ್ಕಾರಿ ಬಸ್ಸಿನ ಡ್ರೈವರ್. ವಾರಕ್ಕೆ ಎರಡು ಸಲ ಅವರ ಬಸ್ಸು ಮಂಗಳೂರಿನ ಬಿಜೈ ನಿಲ್ದಾಣಕ್ಕೆ ಬರುತ್ತಿತ್ತು, ಬಸ್ಸಿನ ಜೊತೆಗೆ ಖಡಕ್ ರೊಟ್ಟಿ ಮತ್ತು ಶೇಂಗಾ ಚಟ್ನಿ ಬರುತ್ತಿದ್ದವು. ಅಣ್ಣಂದಿರ ಜೊತೆ ಆಡಿ ಕಲಿತ ಆಟ ಅವಳದು. ನಮ್ಮ ಹನ್ನೊಂದು ಜನರಲ್ಲಿ ಚೆಂಡಿಗೆ ಹೆದರದವಳು ಅವಳೊಬ್ಬಳೇ. ಮಾತು ಮಾತ್ರ ಕಡಿಮೆ.

ಮೊದಲ ಮ್ಯಾಚಿನಲ್ಲಿ ಅವಳು ಚೆಂಡನ್ನು ಅಟ್ಟಿಸಿಕೊಂಡು ತುಂಬ ಮುಂದೆ ಹೋಗಿಬಿಟ್ಟಿದ್ದಳು. ಎದುರಾಳಿ ಹುಡುಗಿಯೊಬ್ಬಳು ಚೆಂಡು ಕಸಿದುಕೊಂಡು ಮೈದಾನದ ನಡುವಿನಿಂದಲೇ ನುಗ್ಗಿ ಬಂದಳು. ನಾನು ಗಂಟಲು ಹರಿಯುವ ಹಾಗೆ ಕೂಗಿದೆ: “ಬಲ! ಬಲ!”

ತುಳುವಿನಲ್ಲಿ ‘ಬಲ’ ಎಂದರೆ ಬಾ. ಹಿಂದೆ ಬಾ, ನನ್ನ ಹತ್ತಿರ ಬಾ ಎಂದು ನಾನು ಕರೆದದ್ದು. ಅವಳು ಒಂದು ಕ್ಷಣ ನನ್ನತ್ತ ನೋಡಿ, ಜೀವ ಬಿಟ್ಟು ಬಲಗಡೆಗೆ ಓಡಿದಳು. ಅಲ್ಲಿ ಯಾರೂ ಇರಲಿಲ್ಲ. ನಡುವೆ ದಾರಿ ಹೆಬ್ಬಾಗಿಲಿನಷ್ಟು ತೆರೆದುಕೊಂಡಿತು. ಗೋಲು.

ಓದುವವರಿಗೆ ಇದರಲ್ಲಿ ತಪ್ಪು ಯಾರದೆಂದು ಈಗಾಗಲೇ ಗೊತ್ತಾಗಿರಬಹುದು. ನಮಗೆ ಹೊಳೆಯಲಿಲ್ಲ. ನಾವು ಮಂಗಳೂರಿನವರು ಮೈದಾನದಲ್ಲಿ ಎಡ ಬಲ ಎನ್ನುವುದಿಲ್ಲ, ಲೆಫ್ಟ್ ರೈಟ್ ಎನ್ನುತ್ತೇವೆ. ಆಟದ ನಡುವೆ ‘ಬಲ’ ಎಂಬ ಶಬ್ದಕ್ಕೆ ನಮ್ಮ ಕಿವಿಯಲ್ಲಿ ಇದ್ದದ್ದು ಒಂದೇ ಅರ್ಥ. ನಾನು ಗೋಲು ಬಿಟ್ಟು ಅವಳ ಹತ್ತಿರ ಹೋಗಿ, ಎಲ್ಲರ ಎದುರೇ ಕೂಗಾಡಿದೆ: “ನಿಕ್ಕ್ ಕೆಬಿ ಕೇಣುಜಾ?” ಕಿವಿ ಕೇಳುವುದಿಲ್ಲವಾ ನಿನಗೆ ಎಂದು. ಅವಳಿಗೆ ಶಬ್ದ ತಿಳಿಯಲಿಲ್ಲ, ನನ್ನ ಮುಖ ಚೆನ್ನಾಗಿ ತಿಳಿಯಿತು. ತಲೆ ತಗ್ಗಿಸಿ ತನ್ನ ಜಾಗಕ್ಕೆ ಹೋದಳು.

ಎರಡನೆಯ ಮ್ಯಾಚಿನಲ್ಲಿ ಮತ್ತೆ ಅದೇ ಪರಿಸ್ಥಿತಿ, ಮತ್ತೆ ನನ್ನ “ಬಲ!” ಈ ಸಲ ಅವಳು ಎಡಕ್ಕೆ ಓಡಿದಳು. ನನ್ನ ಕಡೆ ತಿರುಗಿ ನಿಂತವಳಿಗೆ ಬಲ ಎಂದರೆ ಯಾರ ಬಲ ಎಂಬ ಅನುಮಾನ ಬಂದು, ಹೋದ ಸಲ ಒಂದು ಕಡೆಗೆ ಹೋಗಿ ಬೈಸಿಕೊಂಡದ್ದರಿಂದ ಈ ಸಲ ಇನ್ನೊಂದು ಕಡೆಗೆ ಹೋಗಿ ನೋಡಿದ್ದಳು. ಇದು ನನಗೆ ಆಮೇಲೆ ಗೊತ್ತಾದದ್ದು. ಆವತ್ತು ಗೊತ್ತಾದದ್ದು ಇನ್ನೊಂದು ಗೋಲು ಮಾತ್ರ. ವ್ಯಾನಿನಲ್ಲಿ ವಾಪಸು ಬರುವಾಗ ನಾನೇ ಹೇಳಿದೆ: “ಇವಳಿಗೆ ಲೆಫ್ಟ್ ಯಾವುದು ರೈಟ್ ಯಾವುದು ಗೊತ್ತಿಲ್ಲ ಮಾರಾಯ್ತಿ.” ಎಲ್ಲರೂ ನಕ್ಕರು. ಅಂದಿನಿಂದ ಅವಳ ಹೆಸರು ‘ಎಡಬಲ’ ಎಂದಾಯಿತು. ಹೆಸರಿಟ್ಟವಳು ನಾನು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ನೆಲಕ್ಕೆ ಅಡ್ಡಹೆಸರನ್ನೂ ಇಟ್ಟಿದ್ದೆ.

ಅದರ ಮರುವಾರ, ಭಾನುವಾರದ ಪ್ರಾಕ್ಟೀಸ್ ಮುಗಿಸಿ ಎಲ್ಲರೂ ಶಕ್ತಿನಗರದ ನಮ್ಮ ಮನೆಗೆ ಬಂದರು. ಅಮ್ಮ ಗೋಳಿಬಜೆಗೆ ಹಿಟ್ಟು ಕಲಸಿಟ್ಟಿದ್ದರು. ಹತ್ತು ಜನರ ಶೂಗಳು ಬಾಗಿಲಿನಲ್ಲಿ ರಾಶಿ ಬಿದ್ದವು. ಸ್ಟಾಪರ್ ಮಾತ್ರ ಕೊನೆಯಲ್ಲಿ, ನಿಧಾನವಾಗಿ, ಶೂ ಬಿಚ್ಚಿ ಗೋಡೆಯ ಬದಿಗೆ ಒತ್ತಿ ಇಟ್ಟು, ಅಂಗಳದಲ್ಲೇ ನಿಂತಿದ್ದಳು. ಅಮ್ಮ ಬಾಗಿಲಿಗೆ ಬಂದು ಪ್ರೀತಿಯಿಂದ ಕರೆದರು: “ಬಲ ಮಗಾ, ಬಲ.”

ಅವಳು ಗಾಬರಿಯಾಗಿ ಅಮ್ಮನನ್ನು ನೋಡಿದಳು. ತನ್ನ ಕೈಯನ್ನೊಮ್ಮೆ ನೋಡಿಕೊಂಡಳು. ಆಮೇಲೆ ಬಲಗಡೆಗೆ ನಾಲ್ಕು ಹೆಜ್ಜೆ ನಡೆದು, ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಹೋಗಿ ನಿಂತಳು.

“ಅಲ್ಲಿ ಎಂತ ಮಾಡ್ತಿ ಮಗಾ? ಒಳಗೆ ಬಾ” ಎಂದರು ಅಮ್ಮ. ಒಳಗಿದ್ದವರಿಗೆ ಇದು ಕಾಣಲಿಲ್ಲ. ಕಿಟಕಿಯಲ್ಲಿದ್ದ ನನಗೆ ಕಂಡಿತು. ಮೈದಾನದಲ್ಲೂ ಅವಳು ಕೇಳಿಸಿಕೊಂಡದ್ದು ಇದನ್ನೇ ಎಂದು ಆಗ ಹೊಳೆಯಿತು. ನೀರು ತರುವ ನೆಪದಲ್ಲಿ ಹೊರಗೆ ಹೋದಾಗ ಅವಳ ಶೂ ನೋಡಿದೆ. ಒಂದರ ಮೂತಿಯ ಮೇಲೆ ನೀಲಿ ಬಾಲ್‌ಪೆನ್ನಿನಲ್ಲಿ ಸಣ್ಣದಾಗಿ ‘ಎ’ ಎಂದು ಬರೆದಿತ್ತು, ಇನ್ನೊಂದರ ಮೇಲೆ ‘ಬ’. ಒಂದನೇ ಕ್ಲಾಸಿನ ಮಗುವಿಗೆ ಬರೆದುಕೊಡುವ ಹಾಗೆ. ನನ್ನ ಒಂದು ಮಾತಿನಿಂದ, ಹತ್ತೊಂಬತ್ತು ವರ್ಷದ ಹುಡುಗಿ ತನಗೆ ಎಡಬಲ ತಿಳಿಯುವುದಿಲ್ಲ ಎಂದು ನಂಬಿಬಿಟ್ಟಿದ್ದಳು.

ಆಗಲೇ ಹೇಳಬಹುದಿತ್ತು. ಎಲ್ಲರೂ ಅಲ್ಲೇ ಇದ್ದರು, ಬಾಯಿ ತುಂಬ ಗೋಳಿಬಜೆ ಇತ್ತು, ಒಂದು ನಗುವಿನಲ್ಲಿ ಮುಗಿದುಹೋಗುತ್ತಿತ್ತು. ನಾನು ಹೇಳಲಿಲ್ಲ. ಎರಡು ಗೋಲು ಅವಳದೆಂದು ಅಷ್ಟು ಜೋರಾಗಿ ಸಾರಿ ಆಗಿತ್ತಲ್ಲ, ಅದನ್ನು ನುಂಗಿಕೊಳ್ಳಲು ನನಗೆ ಆಗಲಿಲ್ಲ. ಸುಮ್ಮನೆ ‘ಬಲ’ ಎನ್ನುವುದನ್ನು ನಿಲ್ಲಿಸಿ, ಮುಂದಿನ ಮ್ಯಾಚಿನಿಂದ ಪುಸ್ತಕದ ಕನ್ನಡದಲ್ಲಿ “ಬಾ! ಹಿಂದೆ ಬಾ!” ಎಂದು ಕೂಗತೊಡಗಿದೆ. ಅವಳು ಚೆಂದ ಆಡಿದಳು. ಮೂರನೆಯದನ್ನೂ ನಾಲ್ಕನೆಯದನ್ನೂ ಸೋತೆವು, ಆದರೆ ಅವಳಿಂದಲ್ಲ. “ಎಡಬಲ ಕಲಿತಳು” ಎಂದು ಹುಡುಗಿಯರು ಬೆನ್ನು ತಟ್ಟಿದರು. ಅವಳು ನಗಲಿಲ್ಲ. ಪ್ರತಿ ಸಲ ಯಾರಾದರೂ ಹಾಗೆ ಕರೆದಾಗ ನಾನು ಶೂ ಲೇಸು ಕಟ್ಟಿಕೊಳ್ಳಲು ಬಗ್ಗುತ್ತಿದ್ದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರ ಸಾಲಿಗೆ ಸೇರಿದ್ದೆ.

ಕೊನೆಯ ಮ್ಯಾಚು ಶನಿವಾರ. ಶುಕ್ರವಾರ ಮಧ್ಯಾಹ್ನ ಬಿಕರ್ನಕಟ್ಟೆಯಿಂದ ಕ್ಯಾಪ್ಟನ್ ಫೋನ್ ಮಾಡಿದಳು. ಕೊಂಕಣಿ ಮಾತಾಡುವ ಮನೆಯವಳು, ಅವಳ ಅಮ್ಮ ನರ್ಸ್, ಪ್ರತಿ ಮ್ಯಾಚಿಗೆ ಮುಂಚೆ ಅಲ್ಲಿನ ಬಾಲಯೇಸು ಮಂದಿರದಲ್ಲಿ ಮೊಂಬತ್ತಿ ಹಚ್ಚಿ ಬರುವ ಜವಾಬ್ದಾರಿ ಕ್ಯಾಪ್ಟನ್ನಿನದು. “ನಾನು ಇಲ್ಲಿ ಮೊಂಬತ್ತಿ ಹಚ್ಚಿ ಎಂತ ಪ್ರಯೋಜನ? ಸ್ಟಾಪರ್ ಹೋಗಿ ಸರ್ ಹತ್ರ ‘ನನ್ನ ಹೆಸರು ತೆಗೀರಿ’ ಅಂದಳಂತೆ. ಐದು ಗಂಟೆಗೆ ಅಪ್ಪನ ಬಸ್ಸಲ್ಲಿ ಊರಿಗೆ ಹೋಗ್ತಾಳೆ. ಇನ್ನು ಕಾಲೇಜಿಗೂ ಬರುದಿಲ್ಲ ಅಂತ ಹಾಸ್ಟೆಲಿನವರು ಹೇಳ್ತಾರೆ. ನಾಳೆ ನಾವು ಹತ್ತು.”

ಹತ್ತು ಎಂಬುದು ಆಮೇಲೆ ತಲೆಗೆ ಹೋಯಿತು. ಮೊದಲು ಕಣ್ಣಿಗೆ ಬಂದದ್ದು ‘ಎ’ ಮತ್ತು ‘ಬ’. ಚಪ್ಪಲಿ ಮೆಟ್ಟಿಕೊಂಡು ಓಡಿದೆ. ಸಿಕ್ಕಿದ ಸಿಟಿ ಬಸ್ಸು ಹತ್ತಿದರೆ ನಂತೂರಿನಲ್ಲಿ ಎಂದಿನಂತೆ ಬ್ಲಾಕ್. ಇಳಿದು ಸರ್ಕಲ್ ದಾಟಿ ರಿಕ್ಷಾ ಹಿಡಿದೆ. ಬಿಜೈ ನಿಲ್ದಾಣ ಮುಟ್ಟುವಾಗ ಐದಕ್ಕೆ ಹತ್ತು ನಿಮಿಷವಿತ್ತು. ಬಸ್ಸು ನಿಂತಿತ್ತು. ಅವಳು ಡ್ರೈವರ್ ಸೀಟಿನ ಹಿಂದಿನ ಕಿಟಕಿಯಲ್ಲಿ ಕೂತಿದ್ದಳು, ಮಡಿಲಲ್ಲಿ ಬ್ಯಾಗು. ಅವಳ ಅಪ್ಪ ಕೆಳಗೆ ನಿಂತು ಚಹಾ ಕುಡಿಯುತ್ತಿದ್ದರು.

ಕಿಟಕಿಯ ಕೆಳಗೆ ನಿಂತು, ಏದುಸಿರಿನಲ್ಲೇ ಹೇಳಿದೆ: “ಬಲ ಅಂದ್ರೆ ರೈಟ್ ಅಲ್ಲ ಮಾರಾಯ್ತಿ. ತುಳುವಿನಲ್ಲಿ ಬಾ ಅಂತ. ನಾನು ನಿನ್ನನ್ನು ಕರೆದದ್ದು.”

“ಕರದದ್ದು?”

“ಹೌದು. ನಿಂದು ಎಂತದೂ ತಪ್ಪಿಲ್ಲ. ಎರಡೂ ಗೋಲು ನಂದೇ.”

ಅವಳು ಕಿಟಕಿಯ ಸರಳು ಹಿಡಿದು ನನ್ನ ಕಡೆ ಬಗ್ಗಿದಳು. “ನಿನಗ ಇದು ಯಾವಾಗ ಗೊತ್ತಾತು?”

ಇದನ್ನು ಕೇಳದಿರಲಿ ಎಂದು ದಾರಿಯುದ್ದಕ್ಕೂ ಬೇಡಿಕೊಂಡಿದ್ದೆ. “ನೀವೆಲ್ಲ ನಮ್ಮ ಮನೆಗೆ ಬಂದಿದ್ರಲ್ಲ, ಆ ದಿನ.”

“ಮೂರು ವಾರ ಆತು,” ಎಂದಳು. ಅಷ್ಟೇ. ಬೈದಿದ್ದರೆ ಹಗುರವಾಗುತ್ತಿತ್ತು. ಅವಳು ಮುಖವನ್ನು ಆ ಕಡೆ ತಿರುಗಿಸಿಕೊಂಡಳು. ನನಗೆ ಅಳು ಬಂತು, ಬಸ್‌ಸ್ಟ್ಯಾಂಡಿನಲ್ಲಿ ಜನ ನೋಡುತ್ತಾರೆಂಬ ಪರಿವೆ ಇಲ್ಲದೆ ಅತ್ತೆ.

ಆಗ ಪಕ್ಕದಲ್ಲಿ ಯಾರೋ ನಗುವ ಸದ್ದು ಕೇಳಿತು. ಅವಳ ಅಪ್ಪ. ಚಹಾದ ಲೋಟ ಕೈಯಲ್ಲಿ ಅಲುಗುತ್ತಿತ್ತು. “ಯವ್ವಾ, ನನಗೂ ಇದ ಆಗಿತ್ತು. ಹಿಂದ ಲಾರಿ ಹೊಡಿಯೋವಾಗ ಮೊದಲನೇ ಸಲ ಈ ಊರಿಗೆ ಬಂದಿದ್ದೆ. ಗಾಡಿ ರಿವರ್ಸ್ ತಗೊಳ್ಳಾಕತ್ತೀನಿ, ಹಿಂದ ನಿಂತಾವ ‘ಬಲ, ಬಲ’ ಅಂದ. ನಾ ಸ್ಟೇರಿಂಗ್ ಬಲಕ್ಕ ತಿರುವಿದೆ, ಹೋಗಿ ತೆಂಗಿನ ಮರಕ್ಕ ಗುದ್ದಿದೆ. ನಾಚಿಕ್ಯಾಗಿ ಮನ್ಯಾಗೂ ಹೇಳಿಲ್ಲ.”

ಕಿಟಕಿಯಲ್ಲಿ ಅವಳ ಭುಜ ಅಲುಗಿದ್ದು ಕಾಣಿಸಿತು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ತಿಳಿಯಲಿಲ್ಲ. ತಿರುಗಿದಾಗ ಎರಡೂ ಇತ್ತು. “ಅಪ್ಪಾ, ಇದನ್ನ ಮೊದಲ ಹೇಳಬಾರದೇನು?” ಎಂದವಳು, ನನ್ನ ಕಡೆ ನೋಡಿದಾಗ ಮತ್ತೆ ಗಟ್ಟಿಯಾದಳು. “ಬೈದದ್ದು ಎಲ್ಲಾರ ಮುಂದ. ಹೇಳೂದು ಮಾತ್ರ ಬಸ್ ಸ್ಟ್ಯಾಂಡಿನ್ಯಾಗೇನು?”

“ನಾಳೆ ಎಲ್ಲರ ಎದುರು ಹೇಳ್ತೇನೆ.”

“ಹೇಳಿದ ಮ್ಯಾಲೆ ಆಡ್ತೀನಿ. ಮೊದಲ ಅಲ್ಲ.” ಬ್ಯಾಗು ಕಿಟಕಿಯಿಂದ ನನ್ನ ಕೈಗೆ ಇಳಿಯಿತು. ರೊಟ್ಟಿಯ ಬುಟ್ಟಿಯೂ ಇಳಿಯಿತು. ಐದು ಗಂಟೆಗೆ ಬಸ್ಸು ಅವಳಿಲ್ಲದೆ ಹೊರಟಿತು. ಅಷ್ಟು ನಿರಾಳವಾಗಿ ನಾನು ಯಾವ ಬಸ್ಸಿಗೂ ಟಾಟಾ ಮಾಡಿಲ್ಲ.

ಶನಿವಾರ ಮ್ಯಾಚಿಗೆ ಮುಂಚೆ ಎಲ್ಲರನ್ನೂ ನಿಲ್ಲಿಸಿ ಹೇಳಿದೆ. ಕಿಟಕಿಯಿಂದ ನೋಡಿದ್ದನ್ನು, ಶೂ ನೋಡಿದ್ದನ್ನು, ಮೂರು ವಾರ ಬಾಯಿ ಮುಚ್ಚಿಕೊಂಡಿದ್ದನ್ನು ಬಿಡದೆ ಹೇಳಿದೆ. ಪಿ.ಟಿ. ಸರ್ ಟೋಪಿ ತೆಗೆದು ತಲೆ ಕೆರೆದುಕೊಂಡರು. “ಮಾತು ಬಲ್ಲವನಿಗೆ ಜಗಳ ಇಲ್ಲ ಅಂತ ಸುಮ್ಮನೆ ಹೇಳಿದ್ದಲ್ಲ. ನಾನು ಸಹ ಕರೆದೆನಲ್ಲ ಎಡಬಲ ಅಂತ,” ಎಂದು ಸ್ಟಾಪರ್ ಕಡೆ ನೋಡಿ, “ಸಾರಿ ಮಗಾ” ಎಂದರು. ಕ್ಯಾಪ್ಟನ್ ಒಂದು ಬಾಟಲಿ ನೀರು ತಂದು, ಕರವಸ್ತ್ರ ಒದ್ದೆ ಮಾಡಿ, ಬಗ್ಗಿ ಆ ಶೂಗಳ ಮೇಲಿನ ಅಕ್ಷರ ಉಜ್ಜಿದಳು. ಪೂರ್ತಿ ಹೋಗಲಿಲ್ಲ, ನೀಲಿ ಕಲೆ ಉಳಿಯಿತು. ಹನ್ನೊಂದು ಜನ ಮೈದಾನಕ್ಕೆ ಇಳಿದೆವು.

ಆವತ್ತು ಅವಳು ಆಡಿದ ಆಟ ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಕೊನೆಯ ಐದು ನಿಮಿಷದವರೆಗೂ ಯಾರಿಗೂ ಗೋಲಿಲ್ಲ. ಆಗ ಎದುರಾಳಿಯ ಹುಡುಗಿಯೊಬ್ಬಳು ಎಲ್ಲರನ್ನೂ ದಾಟಿ ಬಂದಳು. ನಾನು ಗೋಲಿನ ಗೆರೆಗೆ ಅಂಟಿಕೊಂಡು ನಿಂತುಬಿಟ್ಟಿದ್ದೆ. ದೂರದಿಂದ ಸ್ಟಾಪರ್ ಓಡೋಡಿ ಬರುತ್ತ ಕೂಗಿದಳು: “ಬಲ! ಬಲ!”

ನಿನ್ನೆ ಸಂಜೆಯಷ್ಟೇ ಕಲಿತ ತುಳು. ಮುಂದೆ ಬಾ, ಚೆಂಡು ಹಿಡಿ ಎಂದು ಅವಳು ಕರೆದದ್ದು. ಆದರೆ ಮೂರು ವಾರದಿಂದ ಆ ಶಬ್ದವನ್ನು ಅವಳ ಕಿವಿಯಿಂದಲೇ ಕೇಳಿ ಕೇಳಿ ನನ್ನ ತಲೆಯಲ್ಲಿ ತುಳು ಅಳಿಸಿಹೋಗಿತ್ತು. ಹುಟ್ಟಾ ತುಳು ಮಾತಾಡುವ ನಾನು, ಕಣ್ಣು ಮುಚ್ಚಿ ಬಲಕ್ಕೆ ಹಾರಿದೆ.

ಚೆಂಡೂ ಬಲಕ್ಕೇ ಬಂತು. ಬೆರಳ ತುದಿಗೆ ಬಡಿದು, ಕಂಬಕ್ಕೆ ತಾಗಿ ಹೊರಗೆ ಹೋಯಿತು.

ಸೊನ್ನೆ–ಸೊನ್ನೆ. ಆ ಸೀಸನ್ನಿನಲ್ಲಿ ನಾವು ಸೋಲದ ಒಂದೇ ಒಂದು ಮ್ಯಾಚು. ಪಟ್ಟಿಯಲ್ಲಿ ನಾವೇ ಕೊನೆಯವರು, ಆದರೂ ಮರುವರ್ಷ ಟೀಮು ಇತ್ತು, ಅದರ ಮರುವರ್ಷವೂ ಇತ್ತು.

ಆದರೆ ಅದೆಲ್ಲ ಆಮೇಲೆ. ಆ ಕ್ಷಣ ನಾನು ಮಣ್ಣಿನಲ್ಲಿ ಬಿದ್ದಿದ್ದೆ. ಸ್ಟಾಪರ್ ಬಂದು ಸೊಂಟದ ಮೇಲೆ ಕೈ ಇಟ್ಟುಕೊಂಡು ನನ್ನ ಮೇಲೆ ಬಗ್ಗಿದಳು. ನಾನು ಮೊದಲ ಮ್ಯಾಚಿನ ದಿನ ಎಸೆದಿದ್ದ ಮಾತನ್ನು ಅರ್ಥ ತಿಳಿಯದೆಯೇ ಅವಳು ಬಾಯಿಪಾಠ ಮಾಡಿಕೊಂಡು ಹೋಗಿ, ಅದೇ ರಾತ್ರಿ ಹಾಸ್ಟೆಲಿನ ವಾರ್ಡನ್ ಹತ್ತಿರ ಅರ್ಥ ಕೇಳಿದ್ದಳಂತೆ. ಈಗ ಒಂದು ಅಕ್ಷರವೂ ತಪ್ಪದ ಹಾಗೆ, ಎಲ್ಲರ ಎದುರೇ, ನನಗೆ ಹಿಂದಿರುಗಿಸಿದಳು:

“ನಿಕ್ಕ್ ಕೆಬಿ ಕೇಣುಜಾ?”

ಆಮೇಲೆ ಕೈ ಕೊಟ್ಟು ಎಬ್ಬಿಸಿದಳು.