ಹಡಗಿನ ಮೇಲೆ ಕೊಟ್ಟ ಬರೀ ಬೆಳಕು

ನಮ್ಮ ಕಸುಬಿನಲ್ಲಿ ಒಂದು ಸುಳ್ಳಿದೆ. ಮದುವೆಯಲ್ಲಿ ನೆಂಟರೆಲ್ಲ ಸಾಲುಗಟ್ಟಿ ಮಂಟಪ ಹತ್ತುತ್ತಾರೆ. ಎಲ್ಲರಿಗೂ ಗಂಡು ಹೆಣ್ಣಿನ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳಬೇಕು. ರೀಲಿನ ಕಾಲದಲ್ಲಿ ಅಷ್ಟು ಜನಕ್ಕೆ ರೀಲು ಎಲ್ಲಿಂದ ತರುವುದು? ಅದಕ್ಕೆ ದೂರದವರು ಬಂದು ನಿಂತಾಗ ಕ್ಯಾಮೆರಾ ಕಣ್ಣಿಗೆ ಹಿಡಿದು, ಫ್ಲ್ಯಾಶಿನ ಬೆನ್ನಿಗಿರುವ ಸಣ್ಣ ಗುಂಡಿ ಒತ್ತುತ್ತಿದ್ದರು. ಬೆಳಕು ಬೀಳುತ್ತಿತ್ತು, ಫೋಟೋ ಬೀಳುತ್ತಿರಲಿಲ್ಲ. ಬಂದವರು ಖುಷಿಯಾಗಿ ಊಟಕ್ಕೆ ಹೋಗುತ್ತಿದ್ದರು. ನಮ್ಮ ಸ್ಟುಡಿಯೋದಲ್ಲಿ ಇದಕ್ಕೆ ‘ಬರೀ ಬೆಳಕು’ ಅನ್ನುತ್ತೇವೆ. ನನ್ನ ಗಂಡ ಇದನ್ನು ನನಗೆ ಕಲಿಸಿದಾಗ ನಾನು ನಕ್ಕಿದ್ದೆ. ರೀಲು ಹೋಗಿ ಎಷ್ಟೋ ವರ್ಷವಾಯಿತು, ಬೆರಳಿನಿಂದ ಆ ಅಭ್ಯಾಸ ಹೋಗಲಿಲ್ಲ.

ನನ್ನ ತವರು ಮೊಳಕಾಲ್ಮೂರು. ಅಪ್ಪ ರೇಷ್ಮೆ ಸೀರೆ ನೇಯುತ್ತಾರೆ. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಚಳ್ಳಕೆರೆಯ ಸ್ಟುಡಿಯೋ ಮನೆಗೆ ಸೊಸೆಯಾಗಿ ಬಂದೆ. ಹೆಂಗಸರ ಕಡೆಯ ಕಾರ್ಯಗಳಿಗೆ ಹೆಂಗಸೇ ಫೋಟೋ ತೆಗೆಯಲಿ ಅನ್ನುವ ಮನೆಗಳು ಊರಲ್ಲಿ ಬಹಳ. ಹಾಗಾಗಿ ನನ್ನ ಕೈಗೂ ಕ್ಯಾಮೆರಾ ಬಂತು. ಮದುವೆ ಸೀಸನ್ನಿನಲ್ಲಿ ತಂಗಿ ಬಂದು ನನಗೆ ಲೈಟು ಹಿಡಿಯುತ್ತಿದ್ದಳು.

ಅವಳ ಬಲಗಾಲು ಹುಟ್ಟಿನಿಂದಲೇ ಸ್ವಲ್ಪ ಗಿಡ್ಡ. ಕುಂಟುತ್ತಾ ನಡೆಯುತ್ತಾಳೆ, ಆದರೆ ನಮಗಿಂತ ಮುಂದೆ ಹೋಗುತ್ತಾಳೆ. ಮನೆಯಲ್ಲಿ ಅವಳಿಗೆ ಕೊಟ್ಟ ಕೆಲಸ ಕಂಡಿಕೆ ಸುತ್ತುವುದು, ಅಂದರೆ ಲಾಳಿಯೊಳಗೆ ಇಡುವ ಕೊಳವೆಗೆ ನೂಲು ಸುತ್ತುವುದು. ಅವಳಿಗೆ ಬೇಕಾಗಿದ್ದು ಮಗ್ಗ. ಅವ್ವನಿಗೆ ಸೊಂಟ ಬಿದ್ದ ಮೇಲೆ ಅವ್ವನ ಮಗ್ಗ ಖಾಲಿಯಾಗಿತ್ತು. ನಮ್ಮವು ಗುಂಡಿಮಗ್ಗ. ನೆಲದ ಗುಂಡಿಯೊಳಗೆ ಕಾಲು ಇಳಿಬಿಟ್ಟು ಕೂತು, ಕೆಳಗಿನ ಹಲಗೆಗಳನ್ನು ಒಂದಾದ ಮೇಲೆ ಒಂದು ತುಳಿಯಬೇಕು.

“ಎಲ್ಡೂ ಕಾಲು ಸಮ ಬೀಳ್ಬೇಕಮ್ಮ. ಇಲ್ದಿದ್ರೆ ಅಂಚು ಸೊಟ್ಟ. ನಿನ್ ಕೈಲಿ ಆಗಲ್ಲ, ಬುಡು,” ಅನ್ನುತ್ತಿದ್ದರು ಅಪ್ಪ. ಗದರಿಸಿ ಹೇಳುತ್ತಿರಲಿಲ್ಲ. ಪ್ರೀತಿಯಿಂದ ಹೇಳುತ್ತಿದ್ದರು. ಅದಕ್ಕೇ ಅವಳಿಗೆ ಜಗಳವಾಡಲೂ ಆಗುತ್ತಿರಲಿಲ್ಲ.

ಆ ವರ್ಷ ನಮ್ಮ ಕಡೆಯ ಯುವಕ ಯುವತಿಯರ ಸಂಘದವರು ಕಾರವಾರಕ್ಕೆ ಹೊರಟರು. ಅಲ್ಲಿ ಸಮುದ್ರದ ದಡಕ್ಕೆ ತಂದು ನಿಲ್ಲಿಸಿದ ಯುದ್ಧದ ಹಡಗೊಂದು ಮ್ಯೂಸಿಯಂ ಆಗಿದೆ. ಸಂಘ ನಡೆಸುವ ಮೇಷ್ಟ್ರು ಓಡಾಡಿ, ಒಂದು ರಾತ್ರಿ ಹಡಗಿನ ಮೇಲೇ ತಂಗಲು ಒಪ್ಪಿಗೆ ತಂದಿದ್ದರು. ಹುಡುಗಿಯರೂ ಇದ್ದುದರಿಂದ ಫೋಟೋಗೆ ನನ್ನನ್ನು ಕರೆದರು. ತಂಗಿ ಸಂಘದ ಸದಸ್ಯೆ. ಅವಳನ್ನು ಕಳಿಸಲು ಅಪ್ಪ ಒಪ್ಪಿದ್ದು ನಾನು ಜೊತೆಗಿದ್ದೇನೆ ಅಂತ.

ಬಸ್ಸಿನಲ್ಲಿ ಅವಳು ನನ್ನ ಭುಜಕ್ಕೆ ತಲೆಯಿಟ್ಟು ಹೇಳಿದಳು: “ಅಕ್ಕ, ಹಡಗಿನ ತುದೀಗೆ ಹತ್ತಿ ನಿಲ್ತೀನಿ. ನೀನು ಫೋಟೋ ತೆಗಿ. ಅಪ್ಪನ ಮುಂದೆ ಇಡ್ತೀನಿ. ಕಬ್ಬಿಣದ ಏಣಿ ಹತ್ತಿದ ಕಾಲು ಹಲಗೆ ತುಳಿಯಲ್ವೇನಪ್ಪಾ ಅಂತ ಕೇಳ್ತೀನಿ.”

“ಹತ್ತು ಮೊದ್ಲು, ಆಮೇಲೆ ನೋಡನ,” ಅಂದೆ.

ಮಧ್ಯಾಹ್ನ ಇಳಿದಾಗ ಹಡಗು ಮರಳಿನ ಪಕ್ಕ ಬೂದು ಬಣ್ಣ ಬಳಿದುಕೊಂಡು ನಿಂತಿತ್ತು. ದೊಡ್ಡಉಳ್ಳಾರ್ತಿಯ ಹುಡುಗ ಸೊಂಟಕ್ಕೆ ಕೈಯಿಟ್ಟು ನೋಡಿ, “ಇಷ್ಟೇನಾ? ನಮ್ಮೂರ ದನ ಮೇಯೋ ಕಾವಲಿನಾಗೆ ಮಿಲಿಟ್ರಿಯೋರು ಕಾಂಪೌಂಡ್ ಹಾಕವ್ರಲ್ಲ, ಅದ್ರೊಳಗೆ ಇದಕ್ಕಿಂತ ದೊಡ್ಡದು ಐತೋ ಏನೋ, ಯಾವನು ನೋಡ್ಯಾನೆ?” ಅಂದ.

“ಅಲ್ಲಿ ಹಡಗು ಇಟ್ರೆ ತೇಲ್ಸಾಕೆ ನಿಮ್ಮಪ್ಪನ ಬೋರ್‌ವೆಲ್ ನೀರು ತರ್ತಾರೇನಲೇ?” ಅಂದ ಇನ್ನೊಬ್ಬ. ಮೇಷ್ಟ್ರೂ ನಕ್ಕರು. ಸೆಲ್ಫಿ ತೆಗೆಯುತ್ತಾ ಯಾರಾದರೂ ಏಣಿಯಿಂದ ಬಿದ್ದಾರೆಂದು ಎಲ್ಲರ ಮೊಬೈಲನ್ನೂ ಅವರು ಚೀಲಕ್ಕೆ ಹಾಕಿಸಿ ಬಸ್ಸಿನಲ್ಲೇ ಇಟ್ಟಿದ್ದರು. ಹಡಗಿನ ಮೇಲಿದ್ದದ್ದು ನನ್ನದೊಂದೇ ಕ್ಯಾಮೆರಾ.

ನಾನು ಸಿಕ್ಕಿದ್ದನ್ನೆಲ್ಲ ತೆಗೆದೆ. ಫಿರಂಗಿ, ನಾವಿಕರ ಗೊಂಬೆಗಳು, ಒಂದರ ಮೇಲೊಂದಿದ್ದ ಮಂಚಗಳು. ಸಂಜೆಗೆ ಬ್ಯಾಟರಿ ಒಂದು ಗೆರೆಗೆ ಇಳಿದಿತ್ತು. ಇನ್ನೊಂದು ಬ್ಯಾಟರಿಗೆ ಚೀಲ ತಡಕಿದರೆ ಅದಿಲ್ಲ. ಚಾರ್ಜರಿನ ಸಮೇತ ಚಳ್ಳಕೆರೆಯ ಗೋಡೆಯಲ್ಲೇ ನೇತಾಡುತ್ತಿತ್ತು. ಬೆಳಿಗ್ಗೆ ಬಾವುಟ ಏರಿಸಲು ಅತಿಥಿಯೊಬ್ಬರು ಬರುವವರಿದ್ದರು. “ನೋಡಮ್ಮ, ಏನು ತಪ್ಪಿದ್ರೂ ಬಾವುಟದ ಫೋಟೋ ತಪ್ಪಬಾರ್ದು,” ಅಂತ ಮೇಷ್ಟ್ರು ಎರಡೆರಡು ಸಲ ಹೇಳಿದ್ದರು. ಬ್ಯಾಟರಿ ಮರೆತದ್ದನ್ನು ಯಾರಿಗೂ ಹೇಳಲಿಲ್ಲ.

ಅಷ್ಟು ಹೊತ್ತಿಗೆ ಮೇಲಿನಿಂದ “ಅಕ್ಕಾ!” ಅಂತ ಕೂಗು ಕೇಳಿತು.

ಏಣಿ ನೆಟ್ಟಗೆ ನಿಂತಿತ್ತು. ತಂಗಿ ಅದರ ಅರ್ಧದಲ್ಲಿದ್ದಳು. ಎಡಗಾಲು ಮೇಲಿಟ್ಟು, ಎರಡೂ ಕೈಯಲ್ಲಿ ಎಳೆದುಕೊಂಡು, ಬಲಗಾಲನ್ನು ಅದರ ಪಕ್ಕಕ್ಕೆ ತರುತ್ತಿದ್ದಳು. ಕೆಳಗಿದ್ದ ಹುಡುಗಿಯರು ಕತ್ತೆತ್ತಿ ನೋಡುತ್ತಿದ್ದರು. ಹಡಗು ನಡೆಸುವ ಕೋಣೆ ತಲುಪಿ, ಅಲ್ಲಿನ ಚಕ್ರ ಹಿಡಿದು ನಿಂತಾಗ ಅವಳ ಮೂಗಿನ ತುದಿಯಲ್ಲಿ ಬೆವರಿತ್ತು. ನಾನು ಹಿಂದೆಯೇ ಹತ್ತಿ ಹೋಗಿದ್ದೆ. ಕೋಣೆಯಲ್ಲಿ ಆಗಲೇ ಮಬ್ಬು.

“ತೆಗಿ ಅಕ್ಕ. ಕಾಲು ಕಾಣಂಗೆ ತೆಗಿ.”

ಕ್ಯಾಮೆರಾ ಎತ್ತಿದೆ. ಆ ಒಂದು ಗೆರೆ ಮಿನುಗಿತು. ಇವಳಿಗೆ ಬೆಳಿಗ್ಗೆ ತೆಗೆದರಾಯಿತು, ನಮ್ಮವಳೇ ತಾನೆ, ಅನ್ನಿಸಿತು. ಫ್ಲ್ಯಾಶಿಗೆ ಬೇರೆ ಸೆಲ್ಲು ಇರುತ್ತದೆ. ನನ್ನ ಹೆಬ್ಬೆರಳು ತಾನಾಗಿ ಅದರ ಬೆನ್ನಿಗೆ ಹೋಯಿತು. ಕೋಣೆ ತುಂಬ ಬೆಳಕು ಬಿತ್ತು.

ಅವಳು ನಗುವನ್ನು ಹಾಗೇ ಹಿಡಿದುಕೊಂಡು ನಿಂತಿದ್ದಳು, ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು.

“ಆಯ್ತು, ಇಳಿ,” ಅಂದೆ.

ಬೆಳಿಗ್ಗೆ ಏಣಿ ಇಬ್ಬನಿಯಲ್ಲಿ ನೆಂದಿತ್ತು. ಜಾರುತ್ತದೆಂದು ಕಾವಲುಗಾರ ಯಾರನ್ನೂ ಹತ್ತಗೊಡಲಿಲ್ಲ. ತಂಗಿಯ ಕಾಲೂ ಊದಿಕೊಂಡಿತ್ತು. ಅತಿಥಿ ಬಂದರು, ಬಾವುಟ ಏರಿತು, ನಾನು ಬಾವುಟ ತೆಗೆದೆ, ಅತಿಥಿಯನ್ನು ತೆಗೆದೆ, ಮೇಷ್ಟ್ರನ್ನು ಇಡೀ ಗುಂಪಿನ ಜೊತೆ ತೆಗೆದೆ. ವಾಪಸ್ಸು ಬಂದು ಚಳ್ಳಕೆರೆಯಲ್ಲಿ ಕ್ಯಾಮೆರಾ ಹಾಕಿ ನೋಡಿದರೆ ಆ ಒಂದು ಗೆರೆ ಇನ್ನೂ ಇತ್ತು.

ಫೋಟೋಗಳನ್ನು ಮೊಳಕಾಲ್ಮೂರಿಗೆ ತಗೊಂಡು ಹೋದೆ. ಅಪ್ಪ ಮಗ್ಗದಲ್ಲೇ ಕೂತು ಒಂದೊಂದಾಗಿ ನೋಡಿದರು. ಅವರ ಮಾತು ಅರ್ಧ ತೆಲುಗು; ತಂಗಿ ಅವರಿಗೆ ‘ಚಿನ್ನಮ್ಮಾಯಿ’, ಅಂದರೆ ಚಿಕ್ಕ ಹುಡುಗಿ. “ಏಮ್ಮಾ, ಚಿನ್ನಮ್ಮಾಯಿ ಮೇಲೆ ಹತ್ತಿದ ಪಟ ಎಲ್ಲಿ? ನಾಲ್ಕು ದಿನದಿಂದ ಅದೇ ಹೇಳ್ತಾ ಅವಳೆ.”

“ಅದು ಕೆಟ್ಟೋತಪ್ಪ,” ಅಂದೆ.

“ನೀನು ಕಣ್ಣಾರೆ ನೋಡಿದೆಯಾ, ಹತ್ತಿದ್ದು?”

ನೋಡಿದೆ ಅಂದರೆ, ಹಾಗಾದರೆ ಒಂದು ಫೋಟೋ ಆದರೂ ಯಾಕೆ ಉಳಿಯಲಿಲ್ಲ ಅಂತ ಕೇಳುತ್ತಾರೆ ಅನ್ನಿಸಿತು. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ: “ನಾನು ಆಗ ಕೆಳಗಿದ್ದೆ, ಅಲ್ಲಿಂದ್ಲೇ ತೆಗ್ದೆ. ಸರಿಯಾಗಿ ಕಾಣ್ಲಿಲ್ಲ.”

ಗೋಡೆಯ ಪಕ್ಕ ರಾಟೆಯ ಸದ್ದು ನಿಂತಿತು. ತಂಗಿ ನನ್ನನ್ನು ಒಮ್ಮೆ ನೋಡಿದಳು. ಮತ್ತೆ ಸುತ್ತತೊಡಗಿದಳು. ಅಪ್ಪ ಫೋಟೋಗಳನ್ನು ಜೋಡಿಸಿ ನನ್ನ ಕೈಗೆ ಕೊಟ್ಟು, “ಹೋಗ್ಲಿ ಬುಡು, ಕ್ಷೇಮವಾಗಿ ಬಂದ್ರಲ್ಲ,” ಅಂದರು. ಮಗ್ಗದ ಮಾತು ಅಲ್ಲಿಗೆ ಮುಗಿಯಿತು.

ಆಮೇಲಿನ ಮದುವೆ ಸೀಸನ್ನಿಗೆ ತಂಗಿ ಲೈಟು ಹಿಡಿಯಲು ಬರಲಿಲ್ಲ. ಕಾಲು ನೋವು ಅಂದಳಂತೆ. ಅವಳು ತನ್ನ ಕಾಲಿನ ಹೆಸರು ಹೇಳಿ ಏನನ್ನಾದರೂ ಬಿಟ್ಟದ್ದು ಅದೇ ಮೊದಲು. ಒಂದು ಮದುವೆಯಲ್ಲಿ ಯಾರೋ ಮುದುಕಿ ಮೊಮ್ಮಗಳ ಕೈ ಹಿಡಿದು ಮಂಟಪ ಹತ್ತಿ ನಿಂತಳು. ನನ್ನ ಹೆಬ್ಬೆರಳು ಫ್ಲ್ಯಾಶಿನ ಬೆನ್ನಿಗೆ ಹೋದದ್ದು ಹಾಗೇ ನಿಂತಿತು. ಆ ಮುದುಕಿಯ ಫೋಟೋ ನಿಜವಾಗಿ ತೆಗೆದೆ. ಮರುದಿನ ಬೆಳಿಗ್ಗೆ ಮೊಳಕಾಲ್ಮೂರಿನ ಬಸ್ಸು ಹತ್ತಿದೆ.

ಅಪ್ಪ, ಅವ್ವ, ತಂಗಿ ಮೂವರೂ ಇದ್ದರು. ಕೂರುವ ಮೊದಲೇ ಹೇಳಿದೆ. ಬ್ಯಾಟರಿ ಮರೆತದ್ದು, ಬರೀ ಬೆಳಕು ಕೊಟ್ಟದ್ದು, ಅವಳು ಹತ್ತುವಾಗ ನಾನು ಹಿಂದೆಯೇ ಹತ್ತಿದ್ದು, ಆಮೇಲೆ ಸುಳ್ಳು ಹೇಳಿದ್ದು. “ಒಂದೊಂದು ಮೆಟ್ಲೂ ನೋಡಿದೀನಪ್ಪ,” ಅಂದೆ. ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

“ನಂಗೆ ಅವತ್ತೇ ಗೊತ್ತು,” ಅಂದಳು ತಂಗಿ. “ಎಷ್ಟು ಮದ್ವೇಲಿ ಲೈಟು ಹಿಡಿದಿಲ್ಲ ನಾನು? ಬೆಳಕು ಬಿತ್ತು, ಕ್ಯಾಮೆರಾ ಸಪ್ಪಳ ಬರ್ಲಿಲ್ಲ. ಇನ್ನೊಂದ್ಸಲ ಒತ್ತುತೀಯೇನೋ ಅಂತ ನಕ್ಕೊಂಡೇ ನಿಂತಿದ್ದೆ.”

ನಾನು ಹೊಸ್ತಿಲ ಮೇಲೆ ಕೂತೆ.

ಅಪ್ಪ ಎದ್ದು ಅವ್ವನ ಮಗ್ಗದ ಮೇಲಿನ ಬಟ್ಟೆ ಎಳೆದರು. ಧೂಳು ಎದ್ದಿತು. “ಪಟ ಯಾಕೆ ಕೇಳ್ದೆನೋ ನಾನು. ಕಾಲು ಮನೇಲೇ ಐತಲ್ಲ,” ಅಂದರು. ತಂಗಿಯ ಕಡೆ ತಿರುಗಿದರು: “ರಾಮ್ಮಾ, ಬಾ, ಕೂತ್ಕೋ. ಮೊದ್ಲು ಹತ್ತಿ ನೂಲಿನಾಗೆ ಕಲಿ, ರೇಷ್ಮೆ ಕೆಡಿಸ್ಬ್ಯಾಡ.”

ಅವಳು ಗುಂಡಿಗೆ ಕಾಲಿಳಿಬಿಟ್ಟಳು. ಬಲಗಾಲು ಹಲಗೆಗೆ ಸರಿಯಾಗಿ ಎಟುಕಲಿಲ್ಲ. ಅಪ್ಪ ಗುಂಡಿಯೊಳಗೆ ಬಗ್ಗಿ ನೋಡಿ, ಆ ಹಲಗೆಯ ಮೇಲೊಂದು ಮರದ ತುಂಡು ಕಟ್ಟಿದರು. ಅಷ್ಟೇ ಬೇಕಾಗಿದ್ದದ್ದು. ಇಷ್ಟು ವರ್ಷ ಯಾರಿಗೂ ಹೊಳೆದಿರಲಿಲ್ಲ.

ನಾನು ಚೀಲದಿಂದ ಕ್ಯಾಮೆರಾ ತೆಗೆದೆ. ತಂಗಿ ತಲೆಯೆತ್ತದೆ ಹೇಳಿದಳು: “ಈಗ ಬ್ಯಾಡ. ಅಂಚು ನೆಟ್ಟಗೆ ಬಂದಾಗ ನಾನೇ ಹೇಳಿ ಕಳಿಸ್ತೀನಿ.”

ಇನ್ನೂ ಹೇಳಿ ಕಳಿಸಿಲ್ಲ. ಫೋನಿನಲ್ಲಿ ಕೇಳಿದರೆ, “ಎಡಕ್ಕೆ ಎಳೀತೈತೆ, ತಡಿ,” ಅನ್ನುತ್ತಾಳೆ. ನಾನು ಎರಡು ಬ್ಯಾಟರಿಗೂ ಚಾರ್ಜು ತುಂಬಿ ಇಟ್ಟಿದ್ದೇನೆ.