ಚರ್ಚಿನ ದಿಂಬಿನ ಇಪ್ಪತ್ತೈದನೆಯ ಚುಕ್ಕಿ

ನಮ್ಮತ್ತೆ ಮೈಸೂರಿನಿಂದ ಬರುವಾಗ ಎರಡು ಕೇಜಿ ರಂಗೋಲಿ ಪುಡಿ ತಂದಿದ್ದಾರೆ. ವಿಮಾನ ನಿಲ್ದಾಣದಲ್ಲಿ ಆ ಬಿಳಿ ಪುಡಿಯ ಪೊಟ್ಟಣ ಕಂಡವರ ಮುಖ ಹೇಗಾಗಿರಬೇಕು, ನೀವೇ ಊಹಿಸಿಕೊಳ್ಳಿ. ಅತ್ತೆ ಜಗ್ಗದೆ ಅವರ ಮೇಜಿನ ಮೇಲೇ ಒಂದು ಚಿಟಿಕೆ ಉದುರಿಸಿ, ಎಳೆ ಎಳೆದು ತೋರಿಸಿದರಂತೆ. ಅಂಥವರ ಕಣ್ಣೆದುರು ಈ ಬೆಳಿಗ್ಗೆ ಅಮೆರಿಕದ ಸುವಾನಿ ಊರಿನ ನಮ್ಮ ಮನೆ ಬಾಗಿಲಲ್ಲಿ ರಂಗೋಲಿ ಹಾಕುವ ಧೈರ್ಯ ಮಾಡಿದೆ. ಅವರು ಕಾಫಿ ಲೋಟ ಹಿಡಿದು ನಿಂತು ನೋಡಿದರು, ಮನಸ್ಸಿನಲ್ಲೇ ಎಣಿಸಿದರು.

"ಇಪ್ಪತ್ತೈದು ಚುಕ್ಕೀಲಿ ಒಂದು ಆಚೆ ಉಳ್ಕೊಂಡಿದೆ ನೋಡೇ," ಎಂದರು.

ಬೇಕೆಂದೇ ಬಿಟ್ಟಿದ್ದೇನೆ ಎಂದರೆ ನಂಬುವವರಲ್ಲ. ವಿವರಿಸಬೇಕೆಂದರೆ ಇಂಗ್ಲೆಂಡಿನ ಒಂದು ಹಳ್ಳಿಗೆ ಹೋಗಿಬರಬೇಕು. ನೀವೂ ಬನ್ನಿ, ವೀಸಾ ಬೇಕಿಲ್ಲ.

2020ರ ಬೇಸಿಗೆ. ನಮ್ಮ ಬೀದಿಯ ಕೊನೆ ಮನೆಯ ಡಾಕ್ಟರ್ ಅಂಕಲ್‌ಗೆ ಆಗಲೇ ಎಂಬತ್ತು ದಾಟಿತ್ತು. ಅವರ ಹೆಂಡತಿ ಜಯಲಕ್ಷ್ಮಿ ಆಂಟಿ ನಾವು ಈ ಬೀದಿಗೆ ಬರುವ ಮೊದಲೇ ತೀರಿಕೊಂಡಿದ್ದರು, ನಾನು ಅವರನ್ನು ನೋಡಿಲ್ಲ. ಕೋವಿಡ್ ಕಾಲವಾದ್ದರಿಂದ ದಿನವೂ ಒಂದು ಡಬ್ಬಿ ಸಾರು ಅವರ ಬಾಗಿಲಲ್ಲಿಟ್ಟು, ಬೆಲ್ ಮಾಡಿ, ಕಾರು ನಿಲ್ಲಿಸುವ ಡ್ರೈವ್‌ವೇಗೆ ಓಡಿಬಂದು ನಿಲ್ಲುತ್ತಿದ್ದೆ. ಅವರು ಅಲ್ಲಿ, ನಾನಿಲ್ಲಿ. ಇಬ್ಬರೂ ಮಾಸ್ಕಿನೊಳಗಿಂದ ಕೂಗಾಡುವುದನ್ನು ಕಂಡವರು ಜಗಳವೆಂದೇ ತಿಳಿದಿರಬೇಕು.

ಆಗ ಕನ್ನಡ ಸಂಘದವರು ಝೂಮ್‌ನಲ್ಲಿ ಹಿರಿಯರಿಂದ ಹತ್ತು ಹತ್ತು ನಿಮಿಷ ಮಾತಾಡಿಸುತ್ತಿದ್ದರು. ಉಳಿದವರೆಲ್ಲ ಸಕ್ಕರೆ ಕಾಯಿಲೆ, ಮೈಸೂರು ದಸರಾ ಎಂದು ಹೆಸರು ಕೊಟ್ಟರೆ, ನಮ್ಮ ಅಂಕಲ್ ಕೊಟ್ಟ ವಿಷಯ ಒಂದು ಹಳೆಯ ಚರ್ಚು. ಅಮೆರಿಕಕ್ಕೆ ಬರುವ ಮೊದಲು ಅವರು ಇಂಗ್ಲೆಂಡಿನ ಹಳ್ಳಿಯೊಂದರಲ್ಲಿ ಕೆಲವು ವರ್ಷ ಡಾಕ್ಟರಾಗಿದ್ದರು. ಅವರು ಹೇಳುವುದು, ನಾನು ಟೈಪ್ ಮಾಡುವುದು ಎಂದು ಒಪ್ಪಂದವಾಯಿತು.

ಚರ್ಚಿನ ಕತೆ ಸ್ವಾರಸ್ಯವಾಗಿಯೇ ಇತ್ತು. ಅದು ಏಳೆಂಟು ನೂರು ವರ್ಷ ಹಳೆಯದು. ಅದಕ್ಕೆ ಅಂಟಿಕೊಂಡು ಹತ್ತು ಹನ್ನೆರಡು ಸನ್ಯಾಸಿಗಳ ಒಂದು ಸಣ್ಣ ಮಠ. ಸೂರು ಒಂದೇ, ನಡುವೆ ಗೋಡೆ. ಪೂರ್ವದ ಅರ್ಧ ಮಠಕ್ಕೆ, ಪಶ್ಚಿಮದ ಅರ್ಧ ಊರವರಿಗೆ. ಗಂಟೆ ಬಾರಿಸುವ ಹಕ್ಕು ಯಾರದೆಂದು ತಲೆಮಾರುಗಟ್ಟಲೆ ಕಿತ್ತಾಟ. ಕೊನೆಗೆ ದೇಶದ ರಾಜನೇ ಮಠಗಳನ್ನೆಲ್ಲ ಮುಚ್ಚಿಸಿದ. ಸನ್ಯಾಸಿಗಳು ಹೊರಟುಹೋದರು, ಅವರ ಅರ್ಧದ ಕಲ್ಲುಗಳು ಒಂದೊಂದಾಗಿ ಊರವರ ಕೊಟ್ಟಿಗೆ, ಕಾಂಪೌಂಡುಗಳಿಗೆ ಸೇರಿದವು. ಊರವರ ಅರ್ಧ ಇವತ್ತಿಗೂ ನಿಂತಿದೆ.

"ನಮ್ಮ ಅಡುಗೆಮನೆ ಗೋಡೇಲೂ ಮಠದ ಕಲ್ಲಿತ್ತಮ್ಮ. ಅದರ ಪಕ್ಕದಲ್ಲೇ ಜಯ ಇಂಗಿನ ಒಗ್ಗರಣೆ ಹಾಕ್ತಿದ್ಲು," ಎಂದು ಅಂಕಲ್ ನಕ್ಕರು.

ಆ ಊರಿನ ಹೆಂಗಸರು ಒಂದು ವರ್ಷ ಚರ್ಚಿಗೆ ದಿಂಬು ಹೊಲಿದರಂತೆ. ಪ್ರಾರ್ಥನೆಗೆ ಮಂಡಿಯೂರುವಾಗ ಕೆಳಗಿಟ್ಟುಕೊಳ್ಳುವ ದಪ್ಪ ದಿಂಬು, ಮೇಲೆ ಉಲ್ಲನ್ ಕಸೂತಿ. ಒಬ್ಬರು ಕುರಿಮರಿ, ಒಬ್ಬರು ಗುಲಾಬಿ. ಜಯಲಕ್ಷ್ಮಿ ಆಂಟಿ ನೀಲಿ ದಿಂಬಿನ ಮೇಲೆ ಕೆಂಪು ಚುಕ್ಕಿ ಇಟ್ಟು ಬಿಳಿ ಎಳೆಯಲ್ಲಿ ರಂಗೋಲಿ ಹಾಕಿದರು.

ಇಲ್ಲಿಗೆ ಬಿಟ್ಟಿದ್ದರೆ ಚೆನ್ನಾಗಿತ್ತು. ನನಗೋ ಎಲ್ಲವನ್ನೂ ಚೆಕ್ ಮಾಡುವ ಆಫೀಸಿನ ಚಾಳಿ. ಚರ್ಚಿಗೆ ಈಮೇಲ್ ಮಾಡಿದೆ. ಅವರು ತಮ್ಮ ಇತಿಹಾಸದ ಕಿರುಪುಸ್ತಕ ಕಳಿಸಿದರು. ಅದರಲ್ಲಿ ನೀಲಿ ದಿಂಬಿನ ಫೋಟೋ ಇತ್ತು. ಡ್ರೈವ್‌ವೇಯಲ್ಲಿ ನಿಂತು ಉತ್ಸಾಹದಿಂದ ಓದಿ ಹೇಳಿದೆ: ಈ ವಿನ್ಯಾಸ ಮಠದ ನೆಲದ ಹೆಂಚಿನಿಂದ ಬಂದದ್ದು. ದೇವರ ಕೆಲಸವೊಂದೇ ಪರಿಪೂರ್ಣವೆಂದು ಸಾರಲು ಸನ್ಯಾಸಿಗಳು ವಿನಯದಿಂದ ಒಂದು ಚುಕ್ಕಿಯನ್ನು ಹೊರಗೆ ಬಿಟ್ಟಿದ್ದಾರೆ. ಹೊಲಿದವರು ಯಾರೋ ತಿಳಿಯದು.

ಅಂಕಲ್ ಅಲ್ಲಿಂದಲೇ ಕೈಯಾಡಿಸಿ ತಡೆದರು.

"ವಿನಯ ಅಲ್ಲಮ್ಮ, ಬಿಳಿ ಉಲ್ಲನ್ ಮುಗಿದುಹೋಯ್ತು. ಅವತ್ತು ಭಾನುವಾರ, ಅಂಗಡಿ ಮುಚ್ಚಿತ್ತು. ಯಾರು ಎಣಿಸ್ತಾರೆ ಬಿಡಿ ಅಂತ ಹಾಗೇ ಮುಗಿಸಿ ಕೊಟ್ಲು."

ನಾನು ಜಾಣೆಯಲ್ಲವೇ, ಸುಮ್ಮನಿರಲಿಲ್ಲ. "ಇಂಥ ಡಿಸೈನ್ ಎಲ್ಲಾ ದೇಶದಲ್ಲೂ ಇರುತ್ತೆ ಅಂಕಲ್. ಆಂಟಿ ಹಾಕಿದ್ದು ಬೇರೆ ದಿಂಬು ಇರಬಹುದು," ಎಂದುಬಿಟ್ಟೆ. ಅವರು ಎದ್ದು ಒಳಗೆ ಹೋದರು. ಮಾರನೆಯ ದಿನ ಹೋದರೆ ಸಾರಿನ ಡಬ್ಬಿ ಇಟ್ಟಲ್ಲೇ ಇತ್ತು. ಅದರ ಮಾರನೆಯ ದಿನವೂ ಅಷ್ಟೆ. ನನಗೆ ಭಯವಾಗಿ ಫೋನ್ ಮಾಡಿದೆ.

"ಅವಳ ಸೀರೆಗಳನ್ನ ಎಲ್ರಿಗೂ ಹಂಚಿಬಿಟ್ಟೆ," ಎಂದರು. "ಅವಳ ಕೈಕೆಲಸ ಅಂತ ಈ ಭೂಮಿ ಮೇಲೆ ಉಳಿದಿರೋದು ಆ ದಿಂಬೊಂದೇ ಕಣಮ್ಮ. ಅದನ್ನ ಯಾವನೋ ಸನ್ಯಾಸಿಗೆ ಕೊಟ್ಬಿಟ್ರಲ್ಲ. ನೀನೂ ಹೌದು ಅಂದೆ."

ನಾಚಿಕೆಯಾಯಿತು. ಫೋಟೋವನ್ನು ದೊಡ್ಡದು ಮಾಡಿಕೊಂಡು, ಒಂದು ಡಬ್ಬ ಬಣ್ಣದ ಚಾಕ್ ಹಿಡಿದು ನಮ್ಮ ಡ್ರೈವ್‌ವೇಯಲ್ಲಿ ಕುಕ್ಕರಗಾಲಲ್ಲಿ ಕೂತೆ. ನಡುವಿನ ಸಾಲಿಗೆ ಏಳು, ಮೇಲೂ ಕೆಳಗೂ ಐದು, ಮೂರು, ಒಂದು. ಅಜ್ಜಿ ಕಲಿಸಿದ ನೇರ ಚುಕ್ಕಿ, ಒಟ್ಟು ಇಪ್ಪತ್ತೈದು. ಎಳೆ ಒಂದೊಂದೇ ಚುಕ್ಕಿಯನ್ನು ಬಳಸಿ ಹೊರಟಿತು, ದಿಂಬಿನಲ್ಲಿದ್ದ ಹಾಗೆಯೇ. ಕೆಳತುದಿಯ ಚುಕ್ಕಿಯ ಹತ್ತಿರ ಮಾತ್ರ ದಿಂಬಿನ ಎಳೆ ಸರಕ್ಕನೆ ಅಡ್ಡ ತಿರುಗಿ ಮೊದಲ ತುದಿಯನ್ನು ಸೇರಿಕೊಂಡಿತ್ತು. ದಾರ ಸಾಲದೆ ಹತ್ತಿರದ ದಾರಿ ಹಿಡಿದಿದ್ದರು ಆಂಟಿ. ಆಮೇಲೆ ಪುಸ್ತಕದಲ್ಲಿದ್ದ ಮಠದ ಹೆಂಚಿನ ಚಿತ್ರವನ್ನೂ ಹುಡುಕಿದೆ. ಅದರಲ್ಲಿ ಒಂದರೊಳಗೊಂದು ಎರಡು ಬಳೆ, ಒಂದಾದರೂ ಚುಕ್ಕಿ ಇಲ್ಲ.

ಚುಕ್ಕಿ ಇಡುವುದರಿಂದ ಹಿಡಿದು ಎಲ್ಲವನ್ನೂ ವಿಡಿಯೋ ಮಾಡಿ ಚರ್ಚಿಗೆ ಕಳಿಸಿದೆ. ಪುಸ್ತಕ ಬರೆದ ಮುದುಕಿಯೇ ಉತ್ತರ ಬರೆದರು. ಆ ಚುಕ್ಕಿಯ ವಿನಯದ ಬಗ್ಗೆ ಪಾದ್ರಿಗಳು ಎಷ್ಟೋ ವರ್ಷಗಳಿಂದ ಉಪದೇಶ ಕೊಡುತ್ತಿದ್ದಾರಂತೆ. ಇನ್ನು ಅವರಿಗೆ ಹೇಗೆ ಹೇಳುವುದೋ ಎಂದು ಆಕೆಗೆ ಚಿಂತೆ.

ನಾನು ಅಂಕಲ್ ಹತ್ತಿರ ಹೋಗಿ ತಪ್ಪಾಯಿತು ಎಂದೆ. ಅವರು "ಸಾರಿಗೆ ಉಪ್ಪು ಕಮ್ಮಿ ಹಾಕು" ಎಂದರು. ರಾಜಿಯಾಯಿತು. ಝೂಮ್‌ನಲ್ಲಿ ನಲವತ್ತು ನಿಮಿಷ ಮಾತಾಡಿದರು, ಮೊದಲ ಏಳು ನಿಮಿಷ ಮ್ಯೂಟ್‌ನಲ್ಲಿ.

ತಿದ್ದಿದ ಪುಸ್ತಕ ಅಚ್ಚಾಗಿ ಅಂಚೆಯಲ್ಲಿ ಬರಲು ಎರಡು ವರ್ಷ ಹಿಡಿಯಿತು. ಆ ಹೊತ್ತಿಗೆ ಮಾಸ್ಕ್ ಹೋಗಿತ್ತು, ಅಂಕಲ್ ಪಕ್ಕದಲ್ಲೇ ಕೂತಿದ್ದೆ. ಭೂತಗನ್ನಡಿ ಹಿಡಿದು ಓದಿದರು. ರಂಗೋಲಿ ಎಂದಿತ್ತು, ಜಯಲಕ್ಷ್ಮಿ ಎಂದಿತ್ತು, ಉಲ್ಲನ್ ಮುಗಿದುದೂ ಇತ್ತು. ಆ ಸಾಲಿನ ಮೇಲೆ ಬೆರಳಿಟ್ಟು, ನಾನು ಅಲ್ಲಿಲ್ಲವೇ ಇಲ್ಲ ಎನ್ನುವ ಹಾಗೆ, "ಎಣಿಸಿದ್ರಲ್ಲೇ ಜಯ," ಎಂದರು.

ಇಷ್ಟನ್ನೂ ಹೇಳಿ ಮುಗಿಸುವಷ್ಟರಲ್ಲಿ ಅತ್ತೆಯ ಕಾಫಿ ತಣ್ಣಗಾಗಿತ್ತು. ಲೋಟ ಕೆಳಗಿಟ್ಟು ಬಗ್ಗಿ ಒಂದು ಚಿಟಿಕೆ ಪುಡಿ ತೆಗೆದುಕೊಂಡರು. ಇಷ್ಟು ಹೇಳಿದರೂ ಆ ಚುಕ್ಕಿಗೆ ಎಳೆ ಸುತ್ತಿಬಿಡುತ್ತಾರೆ ಎಂದುಕೊಂಡೆ. ಅವರು ಆಚೆ ಉಳಿದ ಚುಕ್ಕಿಯ ಮೇಲೇ ಪುಡಿ ಉದುರಿಸಿ ಅದನ್ನು ಇನ್ನಷ್ಟು ದಪ್ಪ ಮಾಡಿದರು.

"ಇಷ್ಟು ಸಣ್ಣಕ್ಕಿಟ್ರೆ ನಿಮ್ಮ ಡಾಕ್ಟರ ಕಣ್ಣಿಗೆ ಕಾಣುತ್ತೇನೇ," ಎಂದರು. "ಹೋಗು, ಕಾಫಿಗೆ ಕರ್ಕೊಂಡು ಬಾ."